ಚಾರ್ಟಿಗೆ ಬುತ್ತಿ ತರುವವರು ಯಾರು?



ಈ ಪುಟವನ್ನು ತಿರುವಿಹಾಕುವ ನಿಮ್ಮಲ್ಲಿ ಹಲವರು ಐರೋಲಿ, ಥಾಣೆ, ಡೊಂಬಿವಲಿ, ಕಲ್ಯಾಣದ ಶಾಲೆಗಳಲ್ಲಿ ಮರಾಠಿ, ಹಿಂದಿ ಓದಿದವರು. ಕನ್ನಡವನ್ನು ಕಲಿತದ್ದು ಮನೆಯಲ್ಲಿ, ಅಜ್ಜಿಯ ಬಾಯಿಂದ. ಆದರೆ ಪೈಥಾನ್ ಎಂಬ ಗಣಕಯಂತ್ರದ ಭಾಷೆ ಮಾತ್ರ ನಮಗಿಂತ ನಿಮಗೇ ಚೆನ್ನಾಗಿ ಬರುತ್ತದೆ. ಹನ್ನೊಂದನೆಯ ತರಗತಿಯಿಂದಲೇ ಅದನ್ನು ಬರೆಯುವವರಿದ್ದೀರಿ, ಐರೋಲಿಯ ಮೈಂಡ್‌ಸ್ಪೇಸಿನ ಗಾಜಿನ ಕಟ್ಟಡಗಳಲ್ಲಿ ದಿನವಿಡೀ ಅದನ್ನೇ ಬರೆದು ಸಂಸಾರ ತೂಗಿಸುವವರೂ ಇದ್ದೀರಿ. ಹೀಗಾಗಿ ಸಂಘದ ಹಿರಿಯರಿಗೆ ಏನಾದರೂ ಲೆಕ್ಕ, ಪಟ್ಟಿ, ಚಾರ್ಟು ಬೇಕಾದಾಗ ಅವರ ಕಣ್ಣು ನಿಮ್ಮ ಕಡೆ ತಿರುಗುತ್ತದೆ. “ಏನಪ್ಪಾ, ನಮ್ಮ ಸದಸ್ಯರು ಯಾವ ಸೆಕ್ಟರಿನಲ್ಲಿ ಎಷ್ಟಿದ್ದಾರೆ, ಊರ ಕಡೆಯಿಂದ ಯಾವ ಜಿಲ್ಲೆಯವರು ಎಷ್ಟು ಮಂದಿ, ಒಂದು ಚಿತ್ರ ಮಾಡಿಕೊಡು. ಸ್ಮರಣ ಸಂಚಿಕೆಗೆ ಹಾಕೋಣ” ಎನ್ನುತ್ತಾ ಕಾರ್ಯದರ್ಶಿಗಳು ಸದಸ್ಯರ ಪಟ್ಟಿಯನ್ನು ನಿಮ್ಮ ಕೈಗಿಡುತ್ತಾರೆ.

ನೀವು ಜುಪಿಟರ್ ನೋಟ್‌ಬುಕ್ ತೆರೆಯುತ್ತೀರಿ. ಚಾರ್ಟು ಬರೆಯುವ ಸಾಲಿನಲ್ಲಿ ಫೈಲಿನ ವಿಳಾಸ ಕೊಟ್ಟು ಗುಂಡಿ ಒತ್ತುತ್ತೀರಿ. ತಪ್ಪಾಗಿದೆ ಎಂಬ ಕೆಂಪು ಸಂದೇಶವೇನೂ ಬರುವುದಿಲ್ಲ. ಅಡ್ಡಗೆರೆ, ಉದ್ದಗೆರೆ, ಚೌಕಟ್ಟು, ಶೀರ್ಷಿಕೆ ಎಲ್ಲವೂ ಮೂಡುತ್ತವೆ. ಒಳಗೆ ಮಾತ್ರ ಏನೂ ಇಲ್ಲ. ಚಪ್ಪರ ಹಾಕಿದೆ, ವಾಲಗದವರು ಬಂದು ಕೂತಿದ್ದಾರೆ, ಗಂಡು-ಹೆಣ್ಣು ಇಬ್ಬರೂ ನಾಪತ್ತೆ!

ಈ ಖಾಲಿ ಚೌಕಟ್ಟು ಏಕೆ ಬರುತ್ತದೆ ಎಂಬುದನ್ನು ತಿಳಿಯೋಣ. ಅದು ತಿಳಿದರೆ ಇನ್ನೊಂದು ಸಂಗತಿಯೂ ತಾನಾಗಿ ತಿಳಿಯುತ್ತದೆ: ಚಾರ್ಟು ಖಾಲಿಯಾಗಿ ಬರದೆ ತುಂಬಿಕೊಂಡು ಬಂದಾಗ ಅದರೊಳಗೆ ಏನೇನು ಅಡಗಿ ಕೂತಿರುತ್ತದೆ ಎಂಬುದು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಮುಖ್ಯ. ಆದರೆ ಮೊದಲನೆಯದನ್ನು ದಾಟದೆ ಅಲ್ಲಿಗೆ ಹೋಗಲಾಗದು.

ಮೊದಲು ಪಾತ್ರ ಪರಿಚಯ. ಜುಪಿಟರ್ ಎಂಬ ಹೆಸರು ಜೂಲಿಯಾ, ಪೈಥಾನ್, ಆರ್ ಎಂಬ ಮೂರು ಭಾಷೆಗಳಿಂದ ಹುಟ್ಟಿದ್ದು. ಗುರುಗ್ರಹದ ಉಪಗ್ರಹಗಳನ್ನು 1610ರಲ್ಲಿ ಕಂಡು ಗುರುತು ಹಾಕಿಕೊಂಡ ಗೆಲಿಲಿಯೊನ ಟಿಪ್ಪಣಿ ಪುಸ್ತಕಕ್ಕೂ ಅದರಲ್ಲಿ ನಮಸ್ಕಾರವಿದೆ. ಫರ್ನಾಂಡೊ ಪೆರೆಜ್ 2001ರಲ್ಲಿ ಆರಂಭಿಸಿದ ಐಪೈಥಾನ್ ಎಂಬ ಕೆಲಸದಿಂದ 2014ರಲ್ಲಿ ಇದು ಕವಲೊಡೆಯಿತು. ಈ ನೋಟ್‌ಬುಕ್ಕಿನಲ್ಲಿ ಚಾರ್ಟು ಬರೆಯಲು ಬಳಕೆಯಲ್ಲಿರುವ ಒಂದು ಸಾಧನ ಆಲ್ಟೇರ್. ಜೇಕ್ ವ್ಯಾಂಡರ್‌ಪ್ಲಾಸ್ ಮತ್ತು ಬ್ರಯಾನ್ ಗ್ರೇಂಜರ್ ಇದನ್ನು ಶುರುಮಾಡಿದರು. ಅದು ನಿಂತಿರುವುದು ವೇಗಾ ಮತ್ತು ವೇಗಾ-ಲೈಟ್ ಎಂಬ ಅಡಿಪಾಯದ ಮೇಲೆ, ಅವು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಹೀರ್ ಅವರ ಬಳಗದಲ್ಲಿ ರೂಪುಗೊಂಡವು.

ವ್ಯಾಂಡರ್‌ಪ್ಲಾಸ್ ಓದಿದ್ದು ಖಗೋಳವಿಜ್ಞಾನ, ಆದ್ದರಿಂದ ನಕ್ಷತ್ರದ ಹೆಸರು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅಂದ ಹಾಗೆ ಆ ಎರಡು ನಕ್ಷತ್ರಗಳು ನಮ್ಮ ಪಂಚಾಂಗದಲ್ಲೂ ಇವೆ. ಆಲ್ಟೇರ್ ಎಂದರೆ ಶ್ರವಣ. ವೇಗಾ ಎಂದರೆ ಅಭಿಜಿತ್. ಇಪ್ಪತ್ತೇಳು ನಕ್ಷತ್ರಗಳ ಲೆಕ್ಕದಿಂದ ಹೊರಗುಳಿದು ಮುಹೂರ್ತಕ್ಕೆ ಮಾತ್ರ ನೆನಪಾಗುವ ಅದೇ ಅಭಿಜಿತ್! ಮನೆಯಲ್ಲಿ ಪಂಚಾಂಗ ನೋಡುವ ಅಜ್ಜನಿದ್ದರೆ ಹೇಳಿ ನೋಡಿ, ನಿಮ್ಮ ಕೆಲಸದ ಮೇಲೆ ಅವರಿಗೆ ಹೊಸ ಗೌರವ ಹುಟ್ಟೀತು.

ಈ ಎರಡು ನಕ್ಷತ್ರಗಳ ನಡುವೆ ಕೆಲಸ ಹಂಚಿಕೆಯಾಗಿದೆ. ಎಲ್ಲ ಗೊಂದಲದ ಬೇರು ಇಲ್ಲಿದೆ. ಪೈಥಾನ್ ಒಳಗಿರುವ ಶ್ರವಣ ಚಾರ್ಟನ್ನು ಬಿಡಿಸುವುದೇ ಇಲ್ಲ. ಅದು ಒಂದು ಪತ್ರ ಬರೆಯುತ್ತದೆ ಅಷ್ಟೆ: “ಅಡ್ಡಗೆರೆಯ ಮೇಲೆ ಸೆಕ್ಟರ್, ಉದ್ದಗೆರೆಯ ಮೇಲೆ ಸದಸ್ಯರ ಸಂಖ್ಯೆ, ಕಂಬಗಳ ರೂಪದಲ್ಲಿ ಬಿಡಿಸುವುದು.” ಈ ಪತ್ರ ನಿಮ್ಮ ಬ್ರೌಸರನ್ನು, ಎಂದರೆ ಕ್ರೋಮ್ ಅಥವಾ ಫೈರ್‌ಫಾಕ್ಸನ್ನು, ತಲಪುತ್ತದೆ. ಅಲ್ಲಿ ಕೂತ ಅಭಿಜಿತ್ ಅದನ್ನು ಓದಿ ಚಿತ್ರ ಬಿಡಿಸುತ್ತಾನೆ. ನಮ್ಮ ಭಾಷೆಗೆ ಇದರಿಂದ ಒಂದು ಲಾಭವಿದೆ. ಬ್ರೌಸರಿಗೆ ಕನ್ನಡದ ಒತ್ತಕ್ಷರ, ಗುಣಿತ ಚೆನ್ನಾಗಿ ಗೊತ್ತು. ಪೈಥಾನಿನೊಳಗೇ ಚಿತ್ರ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ‘ಕಲ್ಯಾಣ’ ಎಂದು ಬರೆದರೆ ಬಹುಕಾಲ ಯಕಾರ ಒಂದು ಕಡೆ, ಲಕಾರ ಒಂದು ಕಡೆ ಬೀಳುತ್ತಿತ್ತು. ಆಲ್ಟೇರ್‌ನಲ್ಲಿ ಆ ಪೀಡೆ ಇಲ್ಲ.

ಪತ್ರವೇನೋ ಸರಿ, ಅಂಕಿ-ಅಂಶ ಎಲ್ಲಿಂದ ಬರಬೇಕು? ಎರಡು ದಾರಿಗಳಿವೆ. ಆಫೀಸಿಗೆ ಹೋಗುವವರನ್ನು ನೆನಪಿಸಿಕೊಳ್ಳಿ. ಕೆಲವರು ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಂಡು ಲೋಕಲ್ ಹತ್ತುತ್ತಾರೆ. ಇನ್ನು ಕೆಲವರು ಬರಿಗೈಯಲ್ಲಿ ಹೋಗುತ್ತಾರೆ. ಅವರ ಮನೆ ವಿಳಾಸ ಡಬ್ಬಾವಾಲಾನಿಗೆ ಗೊತ್ತು, ಮಧ್ಯಾಹ್ನಕ್ಕೆ ಡಬ್ಬಿ ತಲಪುತ್ತದೆ. ಚಾರ್ಟಿನ ಕಥೆಯೂ ಇದೇ.

ಪಾಂಡಾಸ್‌ನಲ್ಲಿ ಪಟ್ಟಿಯನ್ನು ಓದಿ ಅದನ್ನೇ ಆಲ್ಟೇರ್‌ಗೆ ಕೊಟ್ಟರೆ ಅದು ಬುತ್ತಿ ಕಟ್ಟುವ ದಾರಿ. ಪಟ್ಟಿಯ ಎಲ್ಲ ಸಾಲುಗಳನ್ನೂ ಶ್ರವಣ ಪತ್ರದೊಳಗೇ ತುರುಕುತ್ತದೆ. ಆರು ಚಾರ್ಟು ಮಾಡಿದರೆ ಅದೇ ಪಟ್ಟಿ ನೋಟ್‌ಬುಕ್ಕಿನಲ್ಲಿ ಆರು ಸಲ ಸೇರುತ್ತದೆ, ಫೈಲು ಊದಿಕೊಂಡು ತೆರೆಯುವುದೇ ಕಷ್ಟವಾಗುತ್ತದೆ. ಅದಕ್ಕೇ ಆಲ್ಟೇರ್ 5000 ಸಾಲುಗಳ ಮಿತಿ ಇಟ್ಟಿದೆ. ಮೀರಿದರೆ ‘ಮ್ಯಾಕ್ಸ್‌ರೋಸ್‌ಎರರ್’ ಎಂದು ಕೂಗಿ ನಿಲ್ಲುತ್ತದೆ. ಆ ಮಿತಿಯನ್ನು ತೆಗೆದುಹಾಕುವ ಒಂದು ಸಾಲಿನ ಮಂತ್ರವೂ ಇದೆ, ಹುಡುಕಿದ ಕೂಡಲೇ ಸಿಗುವುದು ಅದೇ. ನನ್ನನ್ನು ಕೇಳಿದರೆ ಅದು ಹೊಗೆಯ ಎಚ್ಚರಿಕೆ ಗಂಟೆಯ ಬ್ಯಾಟರಿ ಕಿತ್ತ ಹಾಗೆ.

ಎರಡನೆಯ ದಾರಿಯಲ್ಲಿ ಪಟ್ಟಿಯ ಬದಲು ಅದರ ವಿಳಾಸವನ್ನು, ಅಂದರೆ ಯುಆರ್‌ಎಲ್ ಅನ್ನು, ಮಾತ್ರ ಕೊಡುತ್ತೇವೆ. ಪತ್ರ ಹಗುರವಾಗುತ್ತದೆ. ಲಕ್ಷ ಸಾಲಿನ ಪಟ್ಟಿಯಿದ್ದರೂ ಪತ್ರದಲ್ಲಿ ಒಂದೇ ಸಾಲು ವಿಳಾಸ. ಹಾಗಾದರೆ ಆ ವಿಳಾಸಕ್ಕೆ ಹೋಗಿ ಡಬ್ಬಿ ತರುವವರು ಯಾರು?

ಇಲ್ಲಿ ಹೆಚ್ಚಿನವರು ‘ಪೈಥಾನ್’ ಎಂದುಕೊಳ್ಳುತ್ತಾರೆ. ಅಲ್ಲ. ತರುವುದು ಬ್ರೌಸರ್. ಪೈಥಾನ್ ಆ ಫೈಲಿನ ಮುಖವನ್ನೂ ನೋಡುವುದಿಲ್ಲ. ಈ ಒಂದು ವಾಕ್ಯವನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನದೆಲ್ಲ ಬಾಳೆಹಣ್ಣು ಸುಲಿದಂತೆ.

ನಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. ಐರೋಲಿಯೊಳಗೆ ರಿಕ್ಷಾದವನಿಗೆ “ಸೆಕ್ಟರ್ ಎಂಟು” ಎಂದರೆ ಸಾಕು, ಕರೆದೊಯ್ಯುತ್ತಾನೆ. ಅದೇ ಮಾತನ್ನು ವಾಶಿ ಸ್ಟೇಷನ್ನಿನ ಹೊರಗೆ ಹೇಳಿದರೆ ವಾಶಿಯ ಸೆಕ್ಟರ್ ಎಂಟಕ್ಕೆ ಒಯ್ಯುತ್ತಾನೆ. ನೆರೂಳಿನಲ್ಲೂ ಸೆಕ್ಟರ್ ಎಂಟಿದೆ, ಕೋಪರ್‌ಖೈರಣೆಯಲ್ಲೂ ಇದೆ. ಸಿಡ್ಕೋದವರು ಪ್ರತಿ ಉಪನಗರಕ್ಕೂ ಒಂದರಿಂದ ಎಣಿಸಿದ್ದಾರೆ. ವಿಳಾಸ ಒಂದೇ, ನಿಂತ ಜಾಗ ಬೇರೆಯಾದರೆ ತಲಪುವ ಮನೆ ಬೇರೆ. ‘ಡೇಟಾ ಫೋಲ್ಡರಿನೊಳಗಿನ ಸದಸ್ಯರು ಡಾಟ್ ಸಿಎಸ್‌ವಿ’ ಎಂದು ನೀವು ಬರೆಯುವ ಸಣ್ಣ ವಿಳಾಸವೂ ಇಂಥದ್ದೇ. ಎಲ್ಲಿ ನಿಂತು ಓದಬೇಕು ಎಂಬುದು ಅದರಲ್ಲಿಲ್ಲ. ಪೈಥಾನ್ ಅದನ್ನು ನೋಟ್‌ಬುಕ್ ಇರುವ ಫೋಲ್ಡರಿನಲ್ಲಿ ನಿಂತು ಓದುತ್ತದೆ. ಬ್ರೌಸರ್ ತಾನು ತೆರೆದಿರುವ ಪುಟದ ವಿಳಾಸದಲ್ಲಿ ನಿಂತು ಓದುತ್ತದೆ. ಹೀಗಾಗಿಯೇ ಪಾಂಡಾಸ್‌ನಲ್ಲಿ ಸರಾಗವಾಗಿ ತೆರೆದ ಫೈಲು ಚಾರ್ಟಿಗೆ ಸಿಗುವುದಿಲ್ಲ.

ನಿಮ್ಮ ಗಣಕದಲ್ಲೇ ಜುಪಿಟರ್ ನಡೆಸುತ್ತಿದ್ದರೆ ಪರಿಹಾರ ಸುಲಭ. ಜುಪಿಟರ್ ಎಂಬುದೇ ಒಂದು ಸಣ್ಣ ಸರ್ವರ್. ಅದು ಆರಂಭವಾದ ಫೋಲ್ಡರಿನ ಕೆಳಗಿರುವ ಫೈಲುಗಳನ್ನು ‘ಫೈಲ್ಸ್’ ಎಂಬ ಬಾಗಿಲಿನ ಮೂಲಕ ಬ್ರೌಸರಿಗೆ ಕೊಡುತ್ತದೆ. ಓರೆಗೆರೆ, ‘ಫೈಲ್ಸ್’, ಮತ್ತೆ ಓರೆಗೆರೆ, ಆಮೇಲೆ ಫೋಲ್ಡರ್ ಮತ್ತು ಫೈಲಿನ ಹೆಸರು, ಹೀಗೆ ಬರೆದರೆ ಬ್ರೌಸರ್ ಎಲ್ಲಿ ನಿಂತಿದ್ದರೂ ದಾರಿ ತಪ್ಪುವುದಿಲ್ಲ. ಚಾರ್ಟನ್ನು ಜುಪಿಟರ್‌ಲ್ಯಾಬ್ ತಾನೇ ಬಿಡಿಸುವ ‘ಮೈಮ್‌ಟೈಪ್’ ಎಂಬ ವಿಧಾನವೂ ಇದೆ. ಅದನ್ನು ಆರಿಸಿದರೆ ಸಣ್ಣ ವಿಳಾಸವನ್ನು ಲ್ಯಾಬ್ ನೋಟ್‌ಬುಕ್ಕಿನ ಫೋಲ್ಡರಿನಿಂದಲೇ ಎಣಿಸಿಕೊಳ್ಳುತ್ತದೆ.

ಗೂಗಲ್ ಕೊಲ್ಯಾಬ್‌ನಲ್ಲಿ ಮಾಡುವವರ ಪಾಡು ಬೇರೆ. ಅಲ್ಲಿ ಪೈಥಾನ್ ಓಡುತ್ತಿರುವುದು ಗೂಗಲ್‌ನ ಯಾವುದೋ ಯಂತ್ರದಲ್ಲಿ, ನೀವು ಮೇಲೇರಿಸಿದ ಫೈಲು ಕೂತಿರುವುದೂ ಅಲ್ಲೇ. ಬ್ರೌಸರ್ ಮಾತ್ರ ಐರೋಲಿಯ ನಿಮ್ಮ ಮನೆಯ ಮೇಜಿನ ಮೇಲಿದೆ. ಅದು ‘ಡೇಟಾ ಫೋಲ್ಡರ್’ ಎಂದು ಓದಿ ಎಲ್ಲಿ ಹುಡುಕಬೇಕು? ಅಡಿಗೆಯಾದದ್ದು ಹೈದರಾಬಾದಿನಲ್ಲಿ, ಡಬ್ಬಾವಾಲಾ ನಿಂತದ್ದು ಘಾಟ್ಕೋಪರಿನಲ್ಲಿ. ಅಲ್ಲಿ ಬುತ್ತಿ ಕಟ್ಟಿಕೊಂಡೇ ಹೋಗಬೇಕು, ಇಲ್ಲವೇ ಫೈಲನ್ನು ಅಂತರ್ಜಾಲದ ಸಾರ್ವಜನಿಕ ವಿಳಾಸದಲ್ಲಿ ಇಡಬೇಕು. ಇದರ ಅಪಾಯವನ್ನು ಮುಂದೆ ಹೇಳುತ್ತೇನೆ.

ಕೆಲವರು ಜಾಣತನ ಮಾಡಲು ಹೋಗಿ ‘ಫೈಲ್’ ಎಂದು ಆರಂಭಿಸಿ ಸಿ ಡ್ರೈವಿನಿಂದ ಪೂರ್ಣ ವಿಳಾಸ ಕೊಡುತ್ತಾರೆ. ಅದನ್ನು ಬ್ರೌಸರ್ ಮುಟ್ಟುವುದೇ ಇಲ್ಲ. ಡಬ್ಬಾವಾಲಾ ಬಾಗಿಲಲ್ಲಿ ಕೊಟ್ಟ ಡಬ್ಬಿ ಒಯ್ಯುತ್ತಾನೆಯೇ ಹೊರತು ಮನೆಯೊಳಗೆ ನುಗ್ಗಿ ಕಪಾಟು ತೆಗೆಯುವುದಿಲ್ಲವಲ್ಲ? ಜಾಲಪುಟವೊಂದು ನಿಮ್ಮ ಗಣಕದ ಫೈಲುಗಳನ್ನು ಹೀಗೆ ಓದುವಂತಿದ್ದರೆ, ಯಾವುದೋ ಕ್ರಿಕೆಟ್ ಸ್ಕೋರಿನ ಪುಟ ತೆರೆದಾಗ ಅದು ನಿಮ್ಮ ಪ್ಯಾನ್ ಕಾರ್ಡಿನ ಪ್ರತಿಯನ್ನೂ ಓದಬಹುದಾಗಿತ್ತು. ‘ಒಂದು ಮನೆಯ ಪುಟ ಇನ್ನೊಂದು ಮನೆಯ ಫೈಲು ಓದಬಾರದು, ಆ ಮನೆಯವರು ಒಪ್ಪಿದರೆ ಮಾತ್ರ ಸರಿ’ ಎಂಬ ಕಾವಲು 1990ರ ದಶಕದ ನೆಟ್‌ಸ್ಕೇಪ್ ಕಾಲದಿಂದ ಬಂದದ್ದು. ಅದು ಎಷ್ಟು ಕಟ್ಟುನಿಟ್ಟೆಂದರೆ ಒಂದೇ ಗಣಕದಲ್ಲಿ ಜುಪಿಟರ್ 8888ನೆಯ ಬಾಗಿಲಲ್ಲಿ, ನೀವು ಹೂಡಿದ ಇನ್ನೊಂದು ಸಣ್ಣ ಸರ್ವರ್ 8000ನೆಯ ಬಾಗಿಲಲ್ಲಿ ಇದ್ದರೂ ಅವೆರಡು ಬೇರೆ ಬೇರೆ ಮನೆಗಳೇ! ಬಾಗಿಲ ಸಂಖ್ಯೆಯೂ ಸೇರಿಯೇ ವಿಳಾಸ.

ಚಾರ್ಟು ಖಾಲಿ ಬಂದಾಗ ತಲೆ ಕೆರೆದುಕೊಳ್ಳುತ್ತಾ ಕೂರಬೇಡಿ. ಎಫ್-12 ಗುಂಡಿ ಒತ್ತಿ ಬ್ರೌಸರಿನ ‘ನೆಟ್‌ವರ್ಕ್’ ಭಾಗ ತೆರೆದು ಪುಟವನ್ನು ಮತ್ತೆ ಓಡಿಸಿ. ಯಾವ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟಿತು ಎಂಬುದು ಅಕ್ಷರಶಃ ಅಲ್ಲಿ ಬರೆದಿರುತ್ತದೆ. 404 ಎಂದಿದ್ದರೆ ಆ ಮನೆ ಅಲ್ಲಿಲ್ಲ. ‘ಕಾರ್ಸ್’ ಎಂಬ ಮಾತು ಕಂಡರೆ ಮನೆ ಇದೆ, ಕಾವಲುಗಾರ ಬಿಡಲಿಲ್ಲ. ಗಿಟ್‌ಹಬ್‌ನಲ್ಲಿ ಫೈಲು ಇಟ್ಟವರು ಅಲ್ಲಿ ಕಾಣುವ ಪುಟದ ವಿಳಾಸ ಕೊಡದೆ ‘ರಾ’ ಎಂಬ ಗುಂಡಿ ಒತ್ತಿದಾಗ ಬರುವ ವಿಳಾಸ ಕೊಡಬೇಕು. ಮೊದಲನೆಯದರಲ್ಲಿ ಸಿಗುವುದು ಪಟ್ಟಿಯನ್ನು ತೋರಿಸುವ ಅಲಂಕಾರದ ಪುಟ, ಪಟ್ಟಿಯಲ್ಲ.

ಈಗ ಖಾಡಿಯ ಕಡೆ ಹೋಗೋಣ, ಬನ್ನಿ. ಪ್ರಾಜೆಕ್ಟಿಗೆ ವಿಷಯ ಹುಡುಕುವ ನಿಮಗೆ ಐರೋಲಿಯಲ್ಲಿ ಬಾಗಿಲಲ್ಲೇ ಒಂದು ಚಿನ್ನದಂಥ ವಿಷಯವಿದೆ. ಥಾಣೆ ಖಾಡಿಗೆ ಚಳಿಗಾಲದ ಹೊತ್ತಿಗೆ ಬಂದು ಬೇಸಿಗೆ ಮುಗಿಯುವ ತನಕ ಇರುವ ರಾಜಹಂಸಗಳು! ಮರಾಠಿಯಲ್ಲಿ ‘ರೋಹಿತ್’ ಎಂದೂ ‘ಅಗ್ನಿಪಂಖ’ ಎಂದೂ ನೀವು ಕೇಳಿರುವ ಫ್ಲೆಮಿಂಗೊ ಹಕ್ಕಿಗಳೇ ಇವು. ದೊಡ್ಡ ಜಾತಿ, ಸಣ್ಣ ಜಾತಿ ಎರಡೂ ಬರುತ್ತವೆ, ಸಣ್ಣವೇ ಹೆಚ್ಚು. 2015ರಲ್ಲಿ ಖಾಡಿಯ ಸುಮಾರು 17 ಚದರ ಕಿಲೋಮೀಟರ್ ಭಾಗ ರಾಜಹಂಸಗಳ ಅಭಯಾರಣ್ಯವಾಯಿತು, 2022ರಲ್ಲಿ ಥಾಣೆ ಖಾಡಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಐರೋಲಿಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಿಂದ ದೋಣಿಯಲ್ಲಿ ಹೋಗಿ ನೋಡಿ ಬಂದವರೂ ನಿಮ್ಮಲ್ಲಿದ್ದೀರಿ.

ಹಕ್ಕಿ ನೋಡುವ ಹವ್ಯಾಸಿಗಳು ತಾವು ಕಂಡದ್ದನ್ನು ಇ-ಬರ್ಡ್ ಎಂಬ ಭಂಡಾರದಲ್ಲಿ ದಾಖಲಿಸುತ್ತಾರೆ. ಅಮೆರಿಕದ ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಾಲಯ 2002ರಲ್ಲಿ ಆರಂಭಿಸಿದ ಕೆಲಸವಿದು. ವಿನಂತಿ ಸಲ್ಲಿಸಿ ಅದರ ದಾಖಲೆಗಳನ್ನು ಪಡೆಯಬಹುದು. ಥಾಣೆ ಜಿಲ್ಲೆಯ ಹಕ್ಕಿಗಳ ಪಟ್ಟಿಯನ್ನು ತರಿಸಿದರೆ ಅದು 5000 ಸಾಲನ್ನು ಸುಲಭವಾಗಿ ದಾಟುತ್ತದೆ. ಬುತ್ತಿಯ ದಾರಿ ಅಲ್ಲಿ ನಡೆಯದು, ವಿಳಾಸದ ದಾರಿಯೇ ಬೇಕು. ಆಗ ಮೂರು ಕಡೆ ಎಡವುತ್ತೀರಿ.

ಅಲ್ಲಿಂದ ಬರುವ ಫೈಲಿನ ಹೆಸರು ‘ಟಿಎಕ್ಸ್‌ಟಿ’ ಎಂದು ಕೊನೆಯಾಗುತ್ತದೆ, ಒಳಗೆ ಅಂಕಣಗಳ ನಡುವೆ ಟ್ಯಾಬ್ ಇರುತ್ತದೆ. ವೇಗಾ-ಲೈಟ್ ಫೈಲಿನ ಬಾಲ ನೋಡಿ ಜಾತಿ ಗುರುತಿಸುತ್ತದೆ: ಸಿಎಸ್‌ವಿ, ಟಿಎಸ್‌ವಿ, ಜೇಸನ್. ಬಾಲ ಅರ್ಥವಾಗದಿದ್ದರೆ ಜೇಸನ್ ಎಂದು ಭಾವಿಸಿ ಓದಲು ಹೋಗಿ ಸೋಲುತ್ತದೆ. ಆದ್ದರಿಂದ ಇದು ಟಿಎಸ್‌ವಿ ಎಂದು ನೀವೇ ಹೇಳಬೇಕು, ಅಥವಾ ಫೈಲಿನ ಬಾಲವನ್ನು ಬದಲಿಸಬೇಕು. ಇನ್ನು ಹಕ್ಕಿಗಳ ಸಂಖ್ಯೆಯ ಅಂಕಣ. ಎಣಿಸಲಾಗದೆ ‘ಇದ್ದವು’ ಎಂದಷ್ಟೇ ಗುರುತಿಸಿದವರು ಅಲ್ಲಿ ‘ಎಕ್ಸ್’ ಅಕ್ಷರ ಹಾಕಿರುತ್ತಾರೆ. ಸಾವಿರಾರು ರಾಜಹಂಸಗಳ ಎದುರು ನಿಂತವನು ಎಣಿಸುವುದಾದರೂ ಹೇಗೆ ಹೇಳಿ! ಆದರೆ ಆ ಎಕ್ಸ್ ಸಂಖ್ಯೆಯಲ್ಲ. ಸುಮ್ಮನೆ ಕೂಡಿಸಿದರೆ ದೊಡ್ಡ ಹಿಂಡು ಇದ್ದ ದಿನವೇ ನಿಮ್ಮ ಚಾರ್ಟಿನಲ್ಲಿ ಮಾಯವಾಗಬಹುದು.

ಮೂರನೆಯದು ಆಲ್ಟೇರ್‌ಗೇ ಸಂಬಂಧಿಸಿದ್ದು. ಪಟ್ಟಿಯನ್ನೇ ಕೊಟ್ಟಾಗ ಶ್ರವಣ ಅದನ್ನು ನೋಡಿ, ಇದು ಸಂಖ್ಯೆ, ಇದು ಹೆಸರು, ಇದು ದಿನಾಂಕ ಎಂದು ತಾನೇ ಊಹಿಸುತ್ತದೆ. ವಿಳಾಸ ಮಾತ್ರ ಕೊಟ್ಟರೆ? ಅದು ಫೈಲನ್ನು ನೋಡುವುದೇ ಇಲ್ಲವೆಂದು ಆಗಲೇ ಹೇಳಿದೆನಲ್ಲ. ಆದ್ದರಿಂದ ಪ್ರತಿ ಅಂಕಣದ ಹೆಸರಿನ ಮುಂದೆ ವಿಸರ್ಗದಂಥ ಎರಡು ಚುಕ್ಕಿ ಇಟ್ಟು ಒಂದು ಅಕ್ಷರ ಬರೆಯಬೇಕು. ಅಳತೆಗೆ ಕ್ಯೂ, ಹೆಸರಿಗೆ ಎನ್, ಕ್ರಮಕ್ಕೆ ಓ, ಕಾಲಕ್ಕೆ ಟಿ. ಬರೆಯದಿದ್ದರೆ ಅಂಕಣದ ಬಗೆ ತಿಳಿಯದು ಎಂಬ ದೂರು ಬರುತ್ತದೆ.

ಕಾಲದ ವಿಷಯದಲ್ಲಿ ಇನ್ನೊಂದು ಕುತ್ತು. ನಾವು 03/04/2024 ಎಂದು ಬರೆದರೆ ಅದು ಏಪ್ರಿಲ್ ಮೂರು. ಬ್ರೌಸರ್ ಅಮೆರಿಕದ ಪದ್ಧತಿಯಲ್ಲಿ ಅದನ್ನು ಮಾರ್ಚ್ ನಾಲ್ಕು ಎಂದು ಓದುತ್ತದೆ. 13/04/2024 ಬಂದರೆ ಹದಿಮೂರನೆಯ ತಿಂಗಳಿಲ್ಲದೆ ಕೈಚೆಲ್ಲುತ್ತದೆ. ಪರಿಣಾಮವಾಗಿ ಅರ್ಧ ದಿನಗಳು ಕಾಣೆ, ಉಳಿದರ್ಧ ತಪ್ಪು ತಿಂಗಳಲ್ಲಿ. ಖಾಲಿ ಚಾರ್ಟಾದರೂ ವಾಸಿ, ನೋಡಿದ ಕೂಡಲೇ ತಿಳಿಯುತ್ತದೆ. ಇದು ತಿಳಿಯುವುದೇ ಇಲ್ಲ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2024-04-03 ಎಂದು ಪಟ್ಟಿಯಲ್ಲೇ ತಿದ್ದಿಕೊಳ್ಳುವುದು ಕ್ಷೇಮ.

ಕನ್ನಡದ ಪಟ್ಟಿಗಳಿಗೆ ತಮ್ಮದೇ ಕಷ್ಟಗಳಿವೆ. ಇವು ಯಾವ ಇಂಗ್ಲಿಷ್ ಪುಸ್ತಕದಲ್ಲೂ ನಿಮಗೆ ಸಿಗಲಿಕ್ಕಿಲ್ಲವಾದ್ದರಿಂದ ತುಸು ವಿವರವಾಗಿಯೇ ಹೇಳುತ್ತೇನೆ. ನಮ್ಮ ಯಾವುದೇ ಪಟ್ಟಿಯ ಮೊದಲ ಅಂಕಣ ಏನು? ‘ಕ್ರ.ಸಂ.’ ದೂರವಾಣಿಗೆ ‘ದೂ.ಸಂ.’ ಈ ಚುಕ್ಕಿಗಳೇ ವೇಗಾಗೆ ಮೃತ್ಯು. ಅದರ ವ್ಯಾಕರಣದಲ್ಲಿ ಚುಕ್ಕಿ ಎಂದರೆ ‘ಇದರೊಳಗಿನದು’ ಎಂದರ್ಥ. ‘ಕ್ರ’ ಎಂಬ ಪೆಟ್ಟಿಗೆಯೊಳಗೆ ‘ಸಂ’ ಎಂಬುದನ್ನು ಹುಡುಕುತ್ತಾ ಹೋಗಿ ಏನೂ ಕಾಣದೆ ಬರಿಗೈಯಲ್ಲಿ ಮರಳುತ್ತದೆ. ‘ಹೆಸರು:’ ಎಂದು ಎರಡು ಚುಕ್ಕಿ ಇಟ್ಟ ಅಂಕಣವಿದ್ದರೆ ಆಲ್ಟೇರ್ ಅದನ್ನು ಬಗೆಯ ಗುರುತು ಎಂದುಕೊಂಡು ಗಲಿಬಿಲಿಯಾಗುತ್ತದೆ. ಅಂಕಣಗಳಿಗೆ ‘ಕ್ರಮಸಂಖ್ಯೆ’, ‘ದೂರವಾಣಿ’ ಎಂದು ಪೂರ್ಣ ಹೆಸರಿಡಿ. ಭಾಷೆಗೂ ಒಳ್ಳೆಯದು.

ಕನ್ನಡ ಅಂಕಿಗಳ ಕಥೆ ಇನ್ನೂ ಸ್ವಾರಸ್ಯ. ‘೧೨’ ಎಂದು ಬರೆದು ಪೈಥಾನಿನ ‘ಇಂಟ್’ಗೆ ಕೊಡಿ. ಹನ್ನೆರಡು ಎಂದು ಸರಿಯಾಗಿ ಓದುತ್ತದೆ! ಅದೇ ‘೧೨’ನ್ನು ಬ್ರೌಸರಿನ ಜಾವಾಸ್ಕ್ರಿಪ್ಟ್‌ಗೆ ಕೊಟ್ಟರೆ ಅದು ಸಂಖ್ಯೆಯೇ ಅಲ್ಲ ಎನ್ನುತ್ತದೆ. ಬುತ್ತಿಯ ದಾರಿಯಲ್ಲಿ ಪೈಥಾನಿನಲ್ಲೇ ಇದನ್ನು ಪರಿವರ್ತಿಸಿ ಕಳಿಸಲು ಅವಕಾಶವಿತ್ತು. ವಿಳಾಸದ ದಾರಿಯಲ್ಲಿ ಓದುವವನು ಬ್ರೌಸರ್, ಆದ್ದರಿಂದ ಫೈಲಿನಲ್ಲೇ 12 ಎಂದಿರಬೇಕು. 1,25,000 ಎಂದು ಅಲ್ಪವಿರಾಮ ಹಾಕಿದ ದೇಣಿಗೆಯ ಮೊತ್ತಗಳಿಗೂ ಇದೇ ಗತಿ.

ಬ್ರೌಸರ್ ಫೈಲನ್ನು ಯುಟಿಎಫ್-8 ಎಂಬ ಸಂಕೇತದಲ್ಲೇ ಓದುತ್ತದೆ. ಎಕ್ಸೆಲ್‌ನಲ್ಲಿ ಉಳಿಸುವಾಗ ಬರಿಯ ‘ಸಿಎಸ್‌ವಿ’ ಆರಿಸಿದರೆ ಕನ್ನಡವೆಲ್ಲ ಪ್ರಶ್ನೆಚಿಹ್ನೆಗಳ ಸಾಲಾಗಬಹುದು. ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಿ. ಸಂಘದ ಹಳೆಯ ಪಟ್ಟಿಗಳು ಇಪ್ಪತ್ತು-ಇಪ್ಪತ್ತೈದು ವರ್ಷ ಹಿಂದಿನವಾದರೆ ಅವುಗಳಲ್ಲಿ ಯೂನಿಕೋಡ್ ಇಲ್ಲದಿರುವ ಸಂಭವ ಹೆಚ್ಚು. ಬರಹ, ನುಡಿ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದು ಕಣ್ಣಿಗೆ ಕನ್ನಡದಂತೆ ಕಂಡರೂ ಒಳಗಿರುವುದು ರೋಮನ್ ಅಕ್ಷರಗಳ ಸಂಕೇತಗಳೇ. ಚಾರ್ಟಿಗೆ ಹಾಕಿದರೆ ನಮ್ಮ ಶೆಟ್ಟರು, ಪಾಟೀಲರು ಎಲ್ಲರೂ ತಲೆಯ ಮೇಲೆ ಚುಕ್ಕಿ-ಗೀಟುಗಳಿರುವ ಯುರೋಪಿನವರಾಗುತ್ತಾರೆ. ಫಾಂಟು ಬದಲಿಸಿ ಪ್ರಯೋಜನವಿಲ್ಲ, ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತರಬೇಕು. ಫೈಲಿನ ಹೆಸರನ್ನು ಮಾತ್ರ ಕನ್ನಡದಲ್ಲಿಡುವ ಅಭಿಮಾನ ಬೇಡ. ವಿಳಾಸದಲ್ಲಿ ಒಂದೊಂದು ಕನ್ನಡ ಅಕ್ಷರಸಂಕೇತವೂ ಶೇಕಡಾ ಚಿಹ್ನೆ ಸಹಿತ ಮೂರು ತುಂಡಾಗಿ ಹಾವಿನಂತೆ ಉದ್ದವಾಗುತ್ತದೆ. ಸಣ್ಣ ರೋಮನ್ ಅಕ್ಷರ, ನಡುವೆ ಖಾಲಿ ಜಾಗವಿಲ್ಲ, ಅಷ್ಟು ಸಾಕು.

ಈಗ ಮತ್ತೆ ಸದಸ್ಯರ ಪಟ್ಟಿಗೆ ಬರೋಣ.

ಆ ಪಟ್ಟಿಯಲ್ಲಿ ಏನೇನಿದೆ ನೋಡಿ. ಹೆಸರು, ಮನೆ ವಿಳಾಸ, ದೂರವಾಣಿ, ಹುಟ್ಟಿದ ದಿನ, ಮೂಲ ಊರು, ಮನೆಯಲ್ಲಿರುವ ಹೆಣ್ಣುಮಕ್ಕಳ ಹೆಸರು-ವಯಸ್ಸು, ಕೆಲವು ಅರ್ಜಿಗಳಲ್ಲಿ ಜಾತಿಯೂ. ನೀವು ಚಾರ್ಟಿಗೆ ಬಳಸುವುದು ಸೆಕ್ಟರ್ ಒಂದನ್ನೇ. ಆದರೆ ಇಡೀ ಪಟ್ಟಿಯನ್ನು ಆಲ್ಟೇರ್‌ಗೆ ಕೊಟ್ಟರೆ ಬಳಸಿದ ಅಂಕಣ, ಬಳಸದ ಅಂಕಣ ಎಂಬ ಭೇದವಿಲ್ಲದೆ ಎಲ್ಲವೂ ಪತ್ರದೊಳಗೆ ಸೇರುತ್ತದೆ. ಸದಸ್ಯರು ಐದು ಸಾವಿರಕ್ಕಿಂತ ಕಡಿಮೆಯಾದ್ದರಿಂದ ಗಂಟೆಯೂ ಬಾರಿಸುವುದಿಲ್ಲ. ಕಣ್ಣಿಗೆ ಕಾಣುವುದು ಹತ್ತಿಪ್ಪತ್ತು ನೀಲಿ ಕಂಬಗಳು ಮಾತ್ರ. ಅದನ್ನು ಎಚ್‌ಟಿಎಂಎಲ್ ಆಗಿ ಉಳಿಸಿ ವಾಟ್ಸ್‌ಆ್ಯಪ್ ಬಳಗಕ್ಕೆ ಹಾಕಿದಿರಿ ಎನ್ನೋಣ. ಚಾರ್ಟಿನ ಬಲಮೂಲೆಯಲ್ಲಿ ಮೂರು ಚುಕ್ಕಿಗಳ ಪುಟ್ಟ ಗುಂಡಿ ಇದೆ. ಒತ್ತಿದರೆ ‘ವ್ಯೂ ಸೋರ್ಸ್’ ಎಂಬ ಸಾಲು ಬರುತ್ತದೆ. ಅದನ್ನು ಒತ್ತಿದವರ ಮುಂದೆ ಪ್ರತಿಯೊಬ್ಬ ಸದಸ್ಯರ ದೂರವಾಣಿ, ಹುಟ್ಟಿದ ದಿನ, ಮನೆ ಸಂಖ್ಯೆ ಎಲ್ಲ ತೆರೆದುಕೊಳ್ಳುತ್ತದೆ. ಕಳ್ಳಗಿಂಡಿಯೇನಲ್ಲ, ಎಲ್ಲರಿಗೂ ಕಾಣುವಂತೆ ಇಟ್ಟ ಬಾಗಿಲು.

ಹಿಂದೆ ಸಂಘಗಳು ಸದಸ್ಯರ ಕೈಪಿಡಿಯನ್ನು ಅಚ್ಚು ಹಾಕಿಸಿ ಮನೆಮನೆಗೆ ಹಂಚುತ್ತಿದ್ದವು, ಅದರಲ್ಲೂ ದೂರವಾಣಿ ಸಂಖ್ಯೆ ಇತ್ತು, ಯಾರೂ ಕೇಳಲಿಲ್ಲ ಎಂದು ಹಿರಿಯರು ಹೇಳಬಹುದು. ನಿಜ. ಆದರೆ ಆ ಕೈಪಿಡಿ ಮನೆಯ ಕಪಾಟಿನಲ್ಲಿ ಕೂತಿರುತ್ತಿತ್ತು. ವಾಟ್ಸ್‌ಆ್ಯಪಿನ ಫೈಲು ಸಂಜೆಯೊಳಗೆ ಎಲ್ಲಿ ತಲಪುತ್ತದೆಂದು ಕಳಿಸಿದವನೂ ಹೇಳಲಾರ. ಬ್ಯಾಂಕಿನಿಂದ ಮಾತಾಡುತ್ತೇವೆಂದು ಕರೆ ಮಾಡಿ ವಯಸ್ಸಾದವರನ್ನು ಮೋಸಗೊಳಿಸುವ ಈ ಕಾಲದಲ್ಲಿ, ಹೆಸರು, ಹುಟ್ಟಿದ ದಿನ, ಊರು ಮೂರೂ ಗೊತ್ತಿರುವ ಮೋಸಗಾರ ಕನ್ನಡದಲ್ಲೇ “ನಮಸ್ಕಾರ ಅಜ್ಜಾ” ಎಂದರೆ ನಿಮ್ಮ ತಾತ ನಂಬುವುದಿಲ್ಲವೇ? ಖಾಸಗಿ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಸಂಸತ್ತು ಒಂದು ಕಾಯ್ದೆಯನ್ನೇ ಮಾಡಿತು. ಆದರೆ ನಮ್ಮ ಹಿರಿಯರು ಅರ್ಜಿ ತುಂಬಿದ್ದು ಕಾಯ್ದೆ ನೋಡಿ ಅಲ್ಲ, ಸಂಘದ ಮೇಲಿನ ವಿಶ್ವಾಸದಿಂದ.

ಹಾಗಾದರೆ ವಿಳಾಸದ ದಾರಿಯೇ ಸುರಕ್ಷಿತವೋ? ಅರ್ಧ ಮಾತ್ರ. ಚಾರ್ಟಿನೊಳಗೆ ವಿಳಾಸವಷ್ಟೇ ಇದ್ದು ಫೈಲು ನಿಮ್ಮ ಗಣಕದಲ್ಲೇ ಉಳಿದರೆ, ಚಾರ್ಟು ಎಲ್ಲಿಗೆ ಹೋದರೂ ಗುಟ್ಟು ಹೊರಬೀಳದು. ಪಡೆದವರಿಗೆ ಖಾಲಿ ಚೌಕಟ್ಟು ಕಾಣುತ್ತದೆ, ಕಾಣಲಿ. ಆದರೆ ಆ ಚೌಕಟ್ಟು ತುಂಬಲೆಂದು ಫೈಲನ್ನು ಗಿಟ್‌ಹಬ್‌ನ ಸಾರ್ವಜನಿಕ ಜಾಗಕ್ಕೆ ಏರಿಸಿದರೆ ಬುತ್ತಿಗಿಂತಲೂ ಕೆಟ್ಟದ್ದಾಯಿತು. ಆಮೇಲೆ ಅಳಿಸಿದರೂ ಅಲ್ಲಿನ ಇತಿಹಾಸದಲ್ಲಿ ಹಳೆಯ ಪ್ರತಿ ಉಳಿದಿರುತ್ತದೆ. ಆಲ್ಟೇರ್‌ನಲ್ಲಿ ‘ಜೇಸನ್’ ಎಂಬ ಸೌಲಭ್ಯ ಹಾಕಿಕೊಂಡರೆ ಅದು ಪಟ್ಟಿಯನ್ನು ತಾನೇ ಫೈಲಾಗಿ ಬರೆದು ವಿಳಾಸ ಕೊಡುತ್ತದೆ. ಅನುಕೂಲವೇ, ಅನುಮಾನವಿಲ್ಲ. ಆದರೆ ‘ಆಲ್ಟೇರ್-ಡೇಟಾ’ ಎಂದು ಆರಂಭವಾಗುವ ಉದ್ದ ಹೆಸರಿನ ಫೈಲುಗಳು ನೋಟ್‌ಬುಕ್ಕಿನ ಪಕ್ಕದಲ್ಲೇ ಮರಿಹಾಕುತ್ತಾ ಹೋಗುತ್ತವೆ, ಪ್ರತಿಯೊಂದರಲ್ಲೂ ಪಟ್ಟಿ ಇರುತ್ತದೆ. ಫೋಲ್ಡರನ್ನು ಜಿಪ್ ಮಾಡಿ ಯಾರಿಗಾದರೂ ಕಳಿಸಿದರೆ ಅವೂ ಜೊತೆಗೆ ಹೊರಡುತ್ತವೆ.

ಸದಸ್ಯರ ಪಟ್ಟಿಗೆ ನಾನು ಹೇಳುವ ದಾರಿ ಎರಡೂ ಅಲ್ಲ. ಎಣಿಕೆಯನ್ನು ಪಾಂಡಾಸ್‌ನಲ್ಲೇ ಮುಗಿಸಿಬಿಡಿ. ಸೆಕ್ಟರ್‌ವಾರು ಗುಂಪು ಮಾಡಿದರೆ ಆರುನೂರು ಸಾಲಿನ ಪಟ್ಟಿ ಇಪ್ಪತ್ತು ಸಾಲಾಗುತ್ತದೆ: ಸೆಕ್ಟರ್ ಇಂತಿಷ್ಟು, ಮನೆ ಇಂತಿಷ್ಟು. ಆ ಇಪ್ಪತ್ತು ಸಾಲನ್ನು ಮಾತ್ರ ಬುತ್ತಿ ಕಟ್ಟಿ ಆಲ್ಟೇರ್‌ಗೆ ಕೊಡಿ. ಮೂರು ಚುಕ್ಕಿಯ ಗುಂಡಿಯನ್ನು ಯಾರು ಒತ್ತಿದರೂ ಸಿಗುವುದು ಆ ಇಪ್ಪತ್ತೇ ಸಾಲು. ವಿಳಾಸದ ಗೋಜೂ ಇಲ್ಲ, ಖಾಲಿ ಚೌಕಟ್ಟೂ ಇಲ್ಲ. ವೇಗಾಫ್ಯೂಷನ್ ಎಂಬ ಸಹಾಯಕ ತಂತ್ರಾಂಶ ಬಳಸದ ಅಂಕಣಗಳನ್ನು ತೆಗೆದು, ಕೂಡಿಕೆಯನ್ನು ಪೈಥಾನಿನ ಕಡೆಯಲ್ಲೇ ಮಾಡಿ ಕಳಿಸುತ್ತದೆ. ದೊಡ್ಡ ಹಕ್ಕಿಪಟ್ಟಿಗೆ ಅದು ಒಳ್ಳೆಯದು. ಮನುಷ್ಯರ ಪಟ್ಟಿಗಾದರೆ ಕೈಯಾರೆ ಮಾಡುವುದೇ ಮೇಲು, ಏನು ಹೊರಗೆ ಹೋಯಿತೆಂದು ನಿಮಗೇ ಗೊತ್ತಿರುತ್ತದೆ.

ಗುಂಪು ಮಾಡಿದ ಮೇಲೂ ಒಮ್ಮೆ ಕಣ್ಣಾಡಿಸಿ. ‘ಸೆಕ್ಟರ್ 15, ಮೂಲ ಊರು ಕುಮಟಾ, ಸಂಖ್ಯೆ 1’ ಎಂದು ಬಂದರೆ ಅದು ಅಂಕಿ-ಅಂಶವಲ್ಲ, ಆ ಮನೆಯವರ ಹೆಸರೇ. ಐರೋಲಿಯ ಕನ್ನಡಿಗರಲ್ಲಿ ಯಾರ ಊರು ಯಾವುದೆಂದು ಯಾರಿಗೆ ಗೊತ್ತಿಲ್ಲ? ಅಂಥ ಒಂದು-ಎರಡರ ಮನೆಗಳನ್ನು ಜಿಲ್ಲೆಯ ಲೆಕ್ಕಕ್ಕೆ ಸೇರಿಸಿ, ಅಥವಾ ‘ಇತರ’ ಎಂದು ಹಾಕಿ.

ಸ್ಮರಣ ಸಂಚಿಕೆಯ ಮುದ್ರಣಕ್ಕೆ ಕೊಡುವಾಗ ಚಾರ್ಟನ್ನು ಪಿಎನ್‌ಜಿ ಚಿತ್ರವಾಗಿ, ಅಳತೆಯನ್ನು ಮೂರು-ನಾಲ್ಕು ಪಟ್ಟು ಹಿಗ್ಗಿಸಿ ಉಳಿಸಿ. ಎಸ್‌ವಿಜಿ ಇನ್ನೂ ನಯವಾಗಿ ಮುದ್ರಣವಾಗುತ್ತದೆ ನಿಜ, ಆದರೆ ಅದರೊಳಗಿನ ಅಕ್ಷರಗಳು ಅಕ್ಷರಗಳಾಗಿಯೇ ಉಳಿಯುವುದರಿಂದ ಮುದ್ರಣಾಲಯದ ಗಣಕದಲ್ಲಿ ನಿಮ್ಮ ಕನ್ನಡ ಫಾಂಟು ಇಲ್ಲದಿದ್ದರೆ ಒತ್ತಕ್ಷರಗಳು ಮತ್ತೆ ದಿಕ್ಕಾಪಾಲಾಗುತ್ತವೆ. ಕರಡಚ್ಚು ಬಂದಾಗ ‘ಕಲ್ಯಾಣ’, ‘ಸದಸ್ಯರ ಸಂಖ್ಯೆ’ ಎಂಬ ಪದಗಳನ್ನು ಒಮ್ಮೆ ಓದಿ ನೋಡಿಯೇ ಮುದ್ರಣಕ್ಕೆ ಒಪ್ಪಿಗೆ ಕೊಡಿ.